ಹಗ್ಗ ಒಣಗಿಲ್ಲ

ಗುಂಡಿಗೆ ಇಳಿಯುವವನು ಗಂಡಸು. ಮೇಲೆ ನಿಂತು ಹಗ್ಗ ಹಿಡಿಯುವವಳು ಅವನ ಮನೆಯ ಹೆಂಗಸು. ನಮ್ಮ ಓಣಿಯಲ್ಲಿ ಇದು ಎಂದಿನಿಂದ ಹೀಗೆ ಎಂದು ಯಾರಿಗೂ ಗೊತ್ತಿಲ್ಲ. ಯಾಕೆ ಹೀಗೆ ಎಂದು ಮಾತ್ರ ಎಲ್ಲರಿಗೂ ಗೊತ್ತು. ಕೂಲಿಗೆ ಬಂದವನು ಹಗ್ಗ ಹಿಡಿದರೆ, ಕೆಳಗಿನವನ ಭಾರ ತನ್ನನ್ನೂ ಒಳಗೆ ಎಳೆಯುತ್ತದೆ ಅನ್ನಿಸಿದಾಗ ಕೈ ಬಿಡುತ್ತಾನೆ. ಹೆಂಡತಿ ಬಿಡುವುದಿಲ್ಲ. ತಾಯಿ ಬಿಡುವುದಿಲ್ಲ.

ಊರಿನವರ ಕಕ್ಕಸು ಗುಂಡಿ ತುಂಬಿ ಉಕ್ಕಿದಾಗ ನಮಗೆ ಹೇಳಿಕಳಿಸುತ್ತಾರೆ. ನಾವು ಮೊದಲು ಒಂದು ಡಬ್ಬಿಯಲ್ಲಿ ಮೇಣದ ಬತ್ತಿ ಹಚ್ಚಿ ಒಳಗೆ ಇಳಿಬಿಡುತ್ತೇವೆ. ಬತ್ತಿ ಉರಿದರೆ ಕೆಳಗೆ ಗಾಳಿ ಇದೆ. ಆರಿದರೆ ಇಲ್ಲ. ಆರಿದ ದಿನ ಮುಚ್ಚಳ ತೆಗೆದಿಟ್ಟು ವಾಪಸು ಬರುತ್ತೇವೆ. ಉರಿದ ದಿನ ಗಂಡಸು ಸೊಂಟಕ್ಕೆ ಹಗ್ಗ ಬಿಗಿದು ಇಳಿಯುತ್ತಾನೆ. ಅವನು ಒಂದು ಸಲ ಜಗ್ಗಿದರೆ ಬಕೆಟ್ ಎತ್ತು ಎಂದು. ಎರಡು ಸಲ ಜಗ್ಗಿದರೆ ನನ್ನನ್ನು ಎತ್ತು ಎಂದು. ಕೆಲಸ ಮುಗಿದ ಮೇಲೆ ಹಗ್ಗ ತೊಳೆದು ಬಿಸಿಲಿಗೆ ಹಾಕುತ್ತೇವೆ.

ನನ್ನ ಗಂಡ ಒಂದು ಸಲವೂ ಜಗ್ಗಲಿಲ್ಲ, ಎರಡು ಸಲವೂ ಜಗ್ಗಲಿಲ್ಲ. ಹಗ್ಗ ಸುಮ್ಮನೆ ಬಿಗಿಯಾಯಿತು. ಹಿಂದಿನ ದಿನದ ಕೆಲಸದ ಹಗ್ಗ. ಒಣಗಿರಲಿಲ್ಲ. ನಾಳೆ ಬರುತ್ತೇವೆ ಎಂದರೆ ಮನೆಯೊಡತಿ ಕೇಳಲಿಲ್ಲ. ಸಂಜೆಗೆ ನೆಂಟರು ಬರುತ್ತಾರೆ, ಇವತ್ತೇ ಆಗಬೇಕು ಎಂದಳು. ನಾನು ಎಳೆದೆ. ಒದ್ದೆ ಹಗ್ಗ ಹಾವಿನ ಹಾಗೆ ಕೈಯಿಂದ ಜಾರಿತು. ಮತ್ತೆ ಹಿಡಿದೆ. ಮತ್ತೆ ಜಾರಿತು. ಅಂಗೈಯ ಚರ್ಮ ಹಗ್ಗಕ್ಕೆ ಅಂಟಿಕೊಂಡು ಹೋಯಿತು. ಮೇಲೆ ತರುವಷ್ಟರಲ್ಲಿ ಅವನ ಬಾಯಿ ತುಂಬಿತ್ತು. ಏನು ತುಂಬಿತ್ತು ಎಂದು ಹೇಳಬೇಕಾಗಿಲ್ಲ.

ಮನೆಯೊಡತಿ ಬಾಗಿಲಲ್ಲಿ ನಿಂತು, "ಇವತ್ತೇ ಆಗ್ಬೇಕಿತ್ತಾ ಇದು" ಎಂದಳು.

ಅವತ್ತಿನಿಂದ ನಮ್ಮ ಓಣಿಯಲ್ಲಿ ಒದ್ದೆ ಹಗ್ಗ ಯಾರೂ ಮುಟ್ಟುವುದಿಲ್ಲ. ಹಗ್ಗ ಒಣಗಿಲ್ಲ ಎಂದು ಹೆಂಗಸು ಹೇಳಿದರೆ ಮುಗಿಯಿತು. ಗಂಡಸು ಎದುರಾಡುವುದಿಲ್ಲ.

ಅವನ ಸಾವಿಗೆ ಸರ್ಕಾರ ಪರಿಹಾರ ಕೊಟ್ಟಿತು. ಗಂಡನನ್ನು ಕೊಟ್ಟು ತಂದ ದುಡ್ಡು. ಮನೆ ರಿಪೇರಿ ಮಾಡಿಸು ಎಂದರು ಕೆಲವರು. ಮಗನ ಮದುವೆಗೆ ಇಟ್ಟುಕೋ ಎಂದರು. ನಾನು ಒಂದೇ ಮಾತು ಹೇಳಿದೆ. "ಇನ್ಮೇಲೆ ನನ್ನ ಮನೇಲಿ ಯಾರೂ ಇಳಿಯೋದು ಬೇಡ. ಪೈಪ್ ಇಳೀಲಿ."

ಮಗ ಲಾರಿ ಓಡಿಸುವುದು ಕಲಿತ. ಹರಾಜಿನಲ್ಲಿ ಒಂದು ಹಳೆಯ ಸರ್ಕಾರಿ ಲಾರಿ ಕೊಂಡೆವು. ಅದರ ಮೈತುಂಬ ತುಕ್ಕು. ಅದರ ಮೇಲೆ ಟ್ಯಾಂಕು ಕೂರಿಸಿ, ಗುಂಡಿಯನ್ನು ಹೀರುವ ಪಂಪು ಹಾಕಿಸಿ, ಉದ್ದನೆಯ ಪೈಪು ಸುತ್ತಿಸಿದೆವು. ಓಣಿಯ ಮಕ್ಕಳು ಪೈಪು ನೋಡಿ ಅದಕ್ಕೆ ಆನೆ ಎಂದು ಹೆಸರಿಟ್ಟವು. ಅಂದಿನಿಂದ ಅದು ಆನೆಯೇ. ಸೊಂಡಿಲು ಗುಂಡಿಗೆ ಬಿಟ್ಟರೆ ಅರ್ಧ ದಿನದ ಕೆಲಸ ಅರ್ಧ ಗಂಟೆಯಲ್ಲಿ ಮುಗಿಯುತ್ತದೆ. ನಮ್ಮ ಮನೆಗೊಂದೇ ಅಲ್ಲ. ಓಣಿಯವರೆಲ್ಲ ಸರದಿಯ ಮೇಲೆ ಅದರಲ್ಲೇ ಕೆಲಸ ಮಾಡುವುದು ಎಂದು ಮಾತಾಗಿತ್ತು.

ಆಮೇಲೆ ಮಗನಿಗೆ ಮದುವೆಯಾಯಿತು. ಮಗ ಮದುವೆಯಾದರೆ ತಾಯಿ ಹಗ್ಗವನ್ನು ಸೊಸೆಯ ಕೈಗೆ ಕೊಡುವುದು ನಮ್ಮಲ್ಲಿ ರೂಢಿ. ನಾನು ಕೊಡಲಿಲ್ಲ. ಸೊಸೆ ಬಾಯಾಳಿ. ಮನೆಗೆ ಬಂದ ವಾರಕ್ಕೇ ಕೇಳಿದಳು.

"ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಅಂತಾರೆ. ನನ್ನ ಕಾಲ ಯಾವಾಗ ಬರುತ್ತೆ ಅತ್ತೆ? ಹಗ್ಗ ಕೊಡಲ್ವಾ?"

"ನಿನ್ನ ಕಾಲದಲ್ಲಿ ಹಗ್ಗ ಬೇಡ ಕಣೇ. ನಿನಗೆ ಆನೆ ಕೊಡ್ತೀನಿ."

"ಆನೆಗೆ ಮೇವು ಯಾರು ಹಾಕ್ತಾರೆ?"

"ಊರೋರು ದಿನಾ ಹಾಕ್ತಾರೆ ಬಿಡು."

ಇಬ್ಬರೂ ನಕ್ಕೆವು. ಆ ಮನೆಯಲ್ಲಿ ನಾನು ನಗದೆ ಬಹಳ ಕಾಲವಾಗಿತ್ತು.

ಉಳಿದಿದ್ದು ಒಂದೇ. ಆನೆಗೆ ನಂಬರು ಸಿಕ್ಕಬೇಕು. ಹರಾಜಿನ ದಿನವೇ ಹಳೆಯ ನಂಬರು ರದ್ದಾಗಿತ್ತು. ಹೊಸ ನಂಬರು ಬರೆಸದೆ ಗಾಡಿಯನ್ನು ಕೆಲಸಕ್ಕೆ ಹಚ್ಚಿದರೆ ಪೊಲೀಸರು ಎತ್ತಿಕೊಂಡು ಹೋಗುತ್ತಾರೆ. ತಪಾಸಣೆಗೆ ಹೋಗಿಬರಲು ಮಾತ್ರ ಒಂದು ಚೀಟಿ ಕೊಟ್ಟಿದ್ದರು.

ನೋಂದಣಿ ಕಚೇರಿಯನ್ನು ನಾವು ನಂಬರ್ ಆಫೀಸು ಎನ್ನುತ್ತೇವೆ. ಎತ್ತರದ ಗೋಡೆ, ಕಬ್ಬಿಣದ ಗೇಟು. ಒಳಗೆ ದೊಡ್ಡ ಬಯಲು. ಗಾಡಿಗಳು ಸಾಲಾಗಿ ನಿಲ್ಲುತ್ತವೆ. ಬ್ರೇಕ್ ಇನ್ಸ್‌ಪೆಕ್ಟರು ಒಂದೊಂದರ ಹತ್ತಿರ ಬರುತ್ತಾರೆ. ಬಾನೆಟ್ ಮೇಲೆ ಕೈ ಇಟ್ಟು ಮಾತಾಡುತ್ತಾರೆ. ಟೈರಿಗೆ ಒದೆಯುತ್ತಾರೆ. ಓಡಿಸಿ ತೋರಿಸು ಎನ್ನುತ್ತಾರೆ. ಆಮೇಲೆ ಸಹಾಯಕನೊಬ್ಬ ಗಾಡಿಯ ಕೆಳಗೆ ಮಲಗಿ, ಚಾಸಿಯ ಕಬ್ಬಿಣದ ಮೇಲೆ ಕಾರ್ಖಾನೆಯಲ್ಲೇ ಗುದ್ದಿರುವ ನಂಬರಿನ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜುತ್ತಾನೆ. ಕಾಗದದಲ್ಲಿ ನಂಬರು ಮೂಡುತ್ತದೆ. ಅದು ಗಾಡಿಯ ಹೆಬ್ಬೆಟ್ಟು ಇದ್ದ ಹಾಗೆ. ಅದಿಲ್ಲದೆ ಏನೂ ಇಲ್ಲ.

ನಾನು, ಮಗ, ಸೊಸೆ ಆನೆಯನ್ನು ಸಾಲಿಗೆ ತಂದ ದಿನ ನಮ್ಮ ಮುಂದೆ ಇಟ್ಟಿಗೆ ಹೊರುವ ಲಾರಿ ಇತ್ತು. ಅದರ ಕೆಲಸ ಆಯಿತು. ಇನ್ಸ್‌ಪೆಕ್ಟರು ನಮ್ಮ ಕಡೆ ಬಂದರು. ಟ್ಯಾಂಕಿನ ಮೇಲೆ ಕಕ್ಕಸು ಗುಂಡಿ ಕ್ಲೀನಿಂಗ್ ಎಂದು ಬರೆದದ್ದನ್ನು ಓದಿದರು. ಅಲ್ಲೇ ನಿಂತರು. ಜೇಬಿನಿಂದ ಕರ್ಚೀಫು ತೆಗೆದು ಮೂಗಿಗೆ ಹಿಡಿದರು.

"ಏನಯ್ಯಾ ಇದು ನಾತ?"

"ಸಾರ್, ಟ್ಯಾಂಕು ಹೊಸದು. ಒಂದು ಹನೀನೂ ತುಂಬ್ಸಿಲ್ಲ" ಎಂದ ಮಗ.

"ಮತ್ತೆ ನಾತ ಎಲ್ಲಿಂದ ಬರ್ತಿದೆ?"

ಸಾಲಿನಲ್ಲಿದ್ದ ಯಾರೋ ನಕ್ಕರು. ಇನ್ನೊಬ್ಬ, "ಎಲ್ಲಿಂದ ಅಂತ ಗೊತ್ತಿದ್ದೂ ಕೇಳ್ತೀರಲ್ಲ ಸಾರ್" ಎಂದ. ಆಗ ಬಹಳ ಜನ ನಕ್ಕರು.

ಮಗ ಶರ್ಟು ಒಗೆದು ಇಸ್ತ್ರಿ ಮಾಡಿಸಿ ಹಾಕಿಕೊಂಡಿದ್ದ. ಮದುವೆಯ ಶರ್ಟು. ಆನೆಯ ಮೇಲೆ ಬಣ್ಣದ ವಾಸನೆ ಬಿಟ್ಟರೆ ಬೇರೆ ವಾಸನೆ ಇರಲಿಲ್ಲ. ಅವನು ತಲೆ ತಗ್ಗಿಸಿ ತನ್ನ ತೋಳು ಮೂಸಿ ನೋಡಿಕೊಂಡ. ನಾನು ನೋಡಿದೆ. 

"ತೊಳ್ಕೊಂಡು ತಗೊಂಡ್ಬನ್ನಿ" ಎಂದರು ಇನ್ಸ್‌ಪೆಕ್ಟರು. "ಹೀಗೆ ತಂದ್ರೆ ಯಾರು ಮುಟ್ತಾರೆ? ನಮ್ಮ ಹುಡುಗ ಇದರ ಕೆಳಗೆ ಮಲಗ್ಬೇಕಲ್ಲ."

ಮುಂದಿನ ತಾರೀಖು ಕೊಟ್ಟು ಕಳಿಸಿದರು. ಆ ತಾರೀಖಿನವರೆಗೆ ಆನೆ ಓಣಿಯಲ್ಲಿ ನಿಂತಿತು. ಹೊಟ್ಟೆ ನಿಲ್ಲಲಿಲ್ಲ. ಮಗ ಮತ್ತೆ ಇಳಿದ.

ಒಂದು ಹೋಟೆಲಿನ ಹಿಂದಿನ ಗುಂಡಿ. ಬತ್ತಿ ಉರಿಯಿತು. ಇಳಿದ. ಬಕೆಟ್ ಬಂತು, ಇನ್ನೊಂದು ಬಂತು. ಹೋಟೆಲಿನೊಳಗೆ ಜನ ಊಟ ಮಾಡುತ್ತಿದ್ದರು. ಪಾತ್ರೆ ತೊಳೆಯುವವರು ಕಿಟಕಿ ಹಾಕಿಕೊಂಡರು. ಮೂರನೆಯ ಬಕೆಟ್ಟಿನ ಹೊತ್ತಿಗೆ ಹಗ್ಗ ಎರಡು ಸಲ ಜಗ್ಗಿತು. ಎರಡನೆಯದು ಮೊದಲನೆಯದಕ್ಕಿಂತ ಸಣ್ಣದು. ನಾನು ಕಾಲನ್ನು ಗುಂಡಿಯ ಕಟ್ಟೆಗೆ ಕೊಟ್ಟು ಎಳೆದೆ. ಸೊಸೆ ಹಿಂದಿನಿಂದ ನನ್ನ ಸೊಂಟ ಹಿಡಿದು ಎಳೆದಳು. ಮೇಲೆ ಬಂದವನು ಕಕ್ಕಿದ. ಕಣ್ಣುಗಳು ಮೇಲೆ ಹೋಗಿದ್ದವು. ನೀರು ಹಾಕಿದೆವು. ಬಹಳ ಹೊತ್ತಿನ ಮೇಲೆ ಉಸಿರು ಸರಿಯಾಯಿತು.

"ಮೊದಲನೇ ಸಲ ಜಗ್ಗಿದ್ದು ನೆನಪಿದೆ. ಎರಡನೇದು ನಾನು ಜಗ್ಗಿದ್ನಾ?" ಎಂದು ಕೇಳಿದ.

 ಸೊಸೆ ಅವತ್ತು ಹಗ್ಗವನ್ನು ತಾನೇ ತೊಳೆದು ತಂತಿಯ ಮೇಲೆ ಹಾಕಿದಳು.

ನಂಬರು ಬರುವವರೆಗೆ ಎಷ್ಟು ಗುಂಡಿ? ನನ್ನ ತಲೆಯಲ್ಲಿ ಅದೊಂದೇ ಲೆಕ್ಕ. ಅದಕ್ಕೇ ಆ ತಾರೀಖಿನ ಹಿಂದಿನ ದಿನ ಆನೆಯನ್ನು ಹಾಗೆ ತೊಳೆದೆವು. ಈ ಸಲ ಇನ್ಸ್‌ಪೆಕ್ಟರು ಮೂಗು ಮುಚ್ಚಿಕೊಳ್ಳಬಾರದು. ಸಹಾಯಕ ಕೆಳಗೆ ಮಲಗಲು ಹೇಸಬಾರದು. ಓಣಿಯವರೆಲ್ಲ ಬಂದರು. ಮೂಲೆಮನೆ ಅಕ್ಕ ಬಂದಳು. ಅವಳ ಗಂಡ ಇಪ್ಪತ್ತು ವರ್ಷ ಗುಂಡಿ ಇಳಿದು ಈಗ ಎರಡು ಹೆಜ್ಜೆಗೊಮ್ಮೆ ಕೆಮ್ಮುತ್ತಾನೆ. ಅವನೂ ಬ್ರಷ್ಷು ಹಿಡಿದು ಬಂದ.

ಸೋಪಿನ ನೀರು ಹಾಕಿದೆವು. ಸಾಲದು ಅನ್ನಿಸಿತು. ನಮ್ಮ ಕೈಗೆ ಗೊತ್ತಿರುವ ತೊಳೆತ ಒಂದೇ. ಕಕ್ಕಸಿನ ಕಲೆ ಯಾವುದಕ್ಕೆ ಹೋಗುತ್ತದೋ ಅದಕ್ಕೆ ಎಲ್ಲ ಕಲೆಯೂ ಹೋಗಬೇಕು. ಮನೆಮನೆಯಿಂದ ಆಸಿಡ್ ಬಾಟಲಿಗಳು ಬಂದವು. ಕೆಳಗೆ, ಚಾಸಿಯ ಉದ್ದಕ್ಕೂ ಸುರಿದೆವು. ಹೊಗೆ ಎದ್ದಿತು. ಕಣ್ಣುರಿಯಿತು. ಮಗ ಮತ್ತು ಕೆಮ್ಮುವ ಭಾವ ಕೆಳಗೆ ಮಲಗಿ ತಂತಿ ಬ್ರಷ್ಷಿನಿಂದ ತಿಕ್ಕಿದರು. ಪದರ ಪದರವಾಗಿ ತುಕ್ಕು ಉದುರಿತು. ಮತ್ತೆ ಸುರಿದೆವು. ಮತ್ತೆ ತಿಕ್ಕಿದರು. ಕಬ್ಬಿಣ ಬೆಳ್ಳಿಯ ಹಾಗೆ ಹೊಳೆಯಿತು.

"ಈಗ ಸಾಹೇಬ್ರು ಇದರ ಮೇಲೇ ಎಲೆ ಹಾಕ್ಕೊಂಡು ಊಟ ಮಾಡಬಹುದು" ಎಂದಳು ಮೂಲೆಮನೆ ಅಕ್ಕ.

"ಬಡಿಸೋಕೆ ನಮ್ಮನ್ನ ಕರೀತಾರಾ?" ಎಂದಳು ಸೊಸೆ.

ಮರುದಿನ ಇನ್ಸ್‌ಪೆಕ್ಟರು ಹತ್ತಿರ ಬಂದರು. ಮೂಗು ಮುಚ್ಚಿಕೊಳ್ಳಲಿಲ್ಲ. ಬಾನೆಟ್ ಮುಟ್ಟಲಿಲ್ಲ, ಆದರೆ ಟೈರಿಗೆ ಒದ್ದರು. ಅದಕ್ಕೇ ನನಗೆ ಸಂತೋಷವಾಯಿತು ಎಂದರೆ ನಂಬಬೇಕು. ಪಂಪು ಓಡಿಸಿ ತೋರಿಸು ಎಂದರು. ಮಗ ಓಡಿಸಿದ. ಬಕೆಟ್ಟಿನ ನೀರನ್ನು ಆನೆ ಒಂದೇ ಗುಟುಕಿಗೆ ಕುಡಿಯಿತು. ಇನ್ಸ್‌ಪೆಕ್ಟರು ತಲೆ ಆಡಿಸಿದರು. ಸಹಾಯಕ ಕಾಗದ, ಪೆನ್ಸಿಲ್ ಹಿಡಿದು ಕೆಳಗೆ ಮಲಗಿದ.

ಬಹಳ ಹೊತ್ತು ಹೊರಗೆ ಬರಲಿಲ್ಲ. ಅವನ ಕಾಲುಗಳು ಮಾತ್ರ ಕಾಣುತ್ತಿದ್ದವು. ಅತ್ತ ಸರಿದವು, ಇತ್ತ ಸರಿದವು. ಕೊನೆಗೆ ಎದ್ದು ಕಾಗದ ಕೊಟ್ಟ. ಕಾಗದದ ಮೇಲೆ ಬರೀ ಕಪ್ಪು. ಒಂದು ಕಡೆ ಸೊನ್ನೆಯ ಅರ್ಧದಂಥದ್ದು ಏನೋ ಇತ್ತು.

"ನಂಬರ್ ಎಲ್ಲಿ?" ಎಂದರು ಇನ್ಸ್‌ಪೆಕ್ಟರು.

ನನ್ನ ಮಗನಿಗೆ ತಕ್ಷಣ ತಿಳಿಯಿತು.  "ತೊಳೆದ್ವಿ ಸಾರ್. ನೀವೇ ತೊಳ್ಕೊಂಡು ಬಾ ಅಂದ್ರಿ. ಆಸಿಡ್ ಹಾಕಿ ತಿಕ್ಕಿದ್ವಿ."

"ಚಾಸಿಗೆ ಯಾರಯ್ಯಾ ಆಸಿಡ್ ಹಾಕ್ತಾರೆ? ಕಳ್ಳ ಗಾಡಿಗೆ ಹಾಕ್ತಾರೆ. ನಂಬರ್ ಅಳಿಸೋಕೆ."

"ಹರಾಜಿನ ಕಾಗದ ಇದೆ ಸಾರ್."

"ಕಾಗದದಲ್ಲಿ ನಂಬರ್ ಇದೆ, ಗಾಡೀಲಿ ಇಲ್ಲ. ಈ ಕಾಗದ ಈ ಗಾಡೀದೇ ಅಂತ ಯಾರು ಹೇಳ್ತಾರೆ? ನೀನಾ?"

"ವಾಸನೆ ಅಂದ್ರಲ್ಲ ಸಾರ್, ಅದಕ್ಕೇ" ಎಂದೆ ನಾನು.

ಅವರು ನನ್ನ ಕಡೆ ನೋಡಲಿಲ್ಲ. ಗಾಡಿಯನ್ನು ಒಳಗೆ ನಿಲ್ಲಿಸಿಕೊಳ್ಳಿ, ಕೀ ತಗೊಳ್ಳಿ ಎಂದು ಹೇಳಿ ಮುಂದಿನ ಗಾಡಿಗೆ ಹೋದರು. ಸಹಾಯಕ ಮಗನ ಕೈಯಿಂದ ಕೀ ತೆಗೆದುಕೊಳ್ಳಲಿಲ್ಲ. ಬಾನೆಟ್ ಮೇಲೆ ಇಡು ಎಂದ. ಇಟ್ಟ ಮೇಲೆ ಕಾಗದದಲ್ಲಿ ಹಿಡಿದು ಎತ್ತಿಕೊಂಡ.

ಗೋಡೆಯ ಪಕ್ಕ, ಅಪಘಾತದಲ್ಲಿ ನುಜ್ಜುಗುಜ್ಜಾದ ಗಾಡಿಗಳ ಸಾಲಿನಲ್ಲಿ ಆನೆಯನ್ನು ನಿಲ್ಲಿಸಿದರು. ದೊಡ್ಡ ಸಾಹೇಬರ ಕಾಲು ಹಿಡಿಯಲು ನಾನು ಕಚೇರಿಯ ಮೆಟ್ಟಿಲವರೆಗೆ ಹೋದೆ. ಒಳಗೆ ಬಿಡಲಿಲ್ಲ. ನಾವು ಮೂವರೂ ಗೇಟಿನ ನೆರಳಿನಲ್ಲಿ ಕೂತೆವು. 

ಮಧ್ಯಾಹ್ನ ಗುಮಾಸ್ತ ಬಂದ. ಬೋಳು ತಲೆಯ, ಮೆತ್ತನೆಯ ಮಾತಿನ ಮನುಷ್ಯ. ನಮ್ಮಿಂದ ಸ್ವಲ್ಪ ದೂರ ನಿಂತು ಮಾತಾಡಿದ.

"ನೋಡಮ್ಮ, ದಾರಿ ಇಲ್ಲ ಅಂತ ಅಲ್ಲ. ನಂಬರ್ ಅಳಿಸಿ ಹೋಗಿದ್ರೆ ಮತ್ತೆ ಗುದ್ದಿಸಬಹುದು. ಸಾಹೇಬ್ರು ಬರೆದುಕೊಟ್ರೆ ಆಯ್ತು. ಅವರು ಮನಸ್ಸು ಮಾಡ್ಬೇಕು."

"ಮನಸ್ಸು ಮಾಡ್ಸಿ ಸಾರ್. ನಿಮ್ಮ ಮಕ್ಕಳು ಚೆನ್ನಾಗಿರ್ಲಿ."

"ಆಫೀಸಿನ ಹಿಂದೆ ಗುಂಡಿ ತುಂಬಿ ವಾರ ಆಯ್ತು. ಸಾಹೇಬ್ರ ರೂಮಿನ ಹಿಂದೇನೇ. ಕೂರೋಕಾಗ್ತಿಲ್ಲ. ನಿನ್ನ ಮಗ ಇಳಿದು ಖಾಲಿ ಮಾಡ್ಕೊಡ್ಲಿ. ಸಂಜೆಗೆ ಫೈಲು ನಾನೇ ಒಳಗೆ ತಗೊಂಡು ಹೋಗ್ತೀನಿ."

ನಾನು ಆನೆಯ ಕಡೆ ಕೈ ತೋರಿಸಿದೆ. "ಗಾಡಿ ಇಲ್ಲೇ ಇದೆಯಲ್ಲ ಸಾರ್. ಕೀ ಕೊಡಿ. ಪೈಪ್ ಬಿಟ್ರೆ ಅರ್ಧ ಗಂಟೆ."

"ಅದಾಗಲ್ಲ. ನಂಬರ್ ಇಲ್ಲದ ಗಾಡೀನ ಕೆಲಸಕ್ಕೆ ಹಚ್ಚಂಗಿಲ್ಲ. ಅದೂ ನಮ್ಮ ಆಫೀಸಲ್ಲೇ. ಕಾನೂನು."

"ಮನುಷ್ಯರನ್ನ ಇಳಿಸಂಗಿಲ್ಲ ಅಂತಾನೂ ಕಾನೂನಿದೆಯಂತೆ ಸಾರ್. ನನ್ನ ಗಂಡ ಸತ್ತಾಗ ಹೇಳಿದ್ರು."

ಗುಮಾಸ್ತ ಬೇಜಾರು ಮಾಡಿಕೊಳ್ಳಲಿಲ್ಲ. "ಇರಬಹುದು. ಅದು ಬೇರೆ ಇಲಾಖೆ" ಎಂದ.

ಮಗ ಎದ್ದು ನಿಂತಿದ್ದ. ಶರ್ಟಿನ ಗುಂಡಿ ಬಿಚ್ಚುತ್ತಿದ್ದ. ಅದೇ ಮದುವೆಯ ಶರ್ಟು. ಮಡಿಚಿ ಹೆಂಡತಿಯ ಕೈಗೆ ಕೊಟ್ಟ. "ಮನೆಗೆ ಹೋಗಿ ಹಗ್ಗ, ಡಬ್ಬಿ ತಗೊಂಡ್ಬಾ" ಎಂದ. ಅವಳು ನನ್ನ ಮುಖ ನೋಡಿದಳು.  ಆನೆಯ ಆಸೆ ನನ್ನ ಬಾಯಿ ಕಟ್ಟಿತ್ತು. ಇದೊಂದು ಗುಂಡಿ. ಇದೊಂದೇ. ಆಮೇಲೆ ಪೈಪು ಇಳಿಯುತ್ತದೆ.

ಹಗ್ಗ ಬಂತು. ಕಚೇರಿಯ ಹಿಂದಕ್ಕೆ ಹೋದೆವು. ಮುಚ್ಚಳದ ಸುತ್ತ ಕಪ್ಪು ನೀರು ನಿಂತಿತ್ತು. ಮಗ ಹಾರೆ ಹಾಕಿ ಮುಚ್ಚಳ ಮೀಟಿದ. ಗುಮಾಸ್ತ, ಸಹಾಯಕ ಇಬ್ಬರೂ ದೂರ ಹೋಗಿ ನಿಂತರು. ಮೇಲಿನ ಕಿಟಕಿಗಳು ಒಂದೊಂದಾಗಿ ಮುಚ್ಚಿಕೊಂಡವು. ಡಬ್ಬಿಯಲ್ಲಿ ಬತ್ತಿ ಹಚ್ಚಿ ಇಳಿಬಿಟ್ಟೆ. ಎರಡು ಮೊಳ ಹೋಗಿಲ್ಲ, ಆರಿತು.

ಎತ್ತಿ ಮತ್ತೆ ಹಚ್ಚಿದೆ. ಮತ್ತೆ ಆರಿತು.

"ಇವತ್ತು ಆಗಲ್ಲ ಸಾರ್. ಮುಚ್ಚಳ ತೆಗೆದಿಟ್ಟು ಹೋಗ್ತೀವಿ. ನಾಳೆ ನೋಡೋಣ" ಎಂದೆ.

"ಮುಚ್ಚಳ ತೆಗೆದಿಟ್ರೆ ಆಫೀಸಲ್ಲಿ ಯಾರು ಕೂರ್ತಾರೆ? ಗಾಳಿಗೆ ಆರಿರುತ್ತೆ ಬಿಡಮ್ಮ. ನಾಳೆ ಸಾಹೇಬ್ರು ರಜೆ. ಆಮೇಲೆ ನನ್ನ ಕೇಳ್ಬೇಡ."

ಮಗ ಆಗಲೇ ಸೊಂಟಕ್ಕೆ ಹಗ್ಗ ಬಿಗಿದುಕೊಂಡಿದ್ದ. ಇನ್ನೊಂದು ತುದಿ ನನ್ನ ಕಡೆ ಚಾಚಿದ.

"ಅಮ್ಮ, ಹಿಡಿ."

"ಬತ್ತಿ ಆರಿತು."

"ನೋಡಿದೆ. ಬೇಗ ಮುಗಿಸ್ತೀನಿ. ಹಿಡಿ."

ಅವನ ಹಣೆಯಲ್ಲಿ ಬೆವರಿತ್ತು. ಅವನ ಅಪ್ಪನ ಹಣೆ. ಅವನು ಸಾಯಲು ಹೆದರುತ್ತಿರಲಿಲ್ಲ. ಆನೆ ಹೋಗುತ್ತದೆ ಎಂದು ಹೆದರುತ್ತಿದ್ದ. ಯಾರೂ ಇಳಿಯಬಾರದು ಎಂದು ಕೊಂಡ ಗಾಡಿಗಾಗಿ ಅವನು ಇಳಿಯಲು ನಿಂತಿದ್ದ. ಅಲ್ಲಿ ಗೋಡೆಯ ಪಕ್ಕ ಗಾಡಿ ನಿಂತಿತ್ತು. ಸೊಂಡಿಲು ಸುತ್ತಿಕೊಂಡು. ಕೂಗಳತೆಯಲ್ಲಿ. ಗಾಡಿ ಇಳಿಯಬೇಕಾದರೆ ನಂಬರು ಬೇಕು. ನನ್ನ ಮಗ ಇಳಿಯಬೇಕಾದರೆ ಯಾರ ಅಪ್ಪಣೆಯೂ ಬೇಡ.

ಹಗ್ಗದ ತುದಿ ನನ್ನ ಕೈಯಲ್ಲಿತ್ತು. ನಾನು ಕೈ ಬಿಚ್ಚಿದೆ. ಅದು ಕಪ್ಪು ನೀರಿಗೆ ಬಿತ್ತು.

"ನಾನು ಹಿಡಿಯಲ್ಲ."

"ಅಮ್ಮ."

"ನಿಮ್ಮಪ್ಪನ್ನ ಹಿಡಿದ ಕೈ ಇದು. ಇನ್ನು ಯಾರನ್ನೂ ಹಿಡಿಯಲ್ಲ. ಗುಂಡಿ ಉಕ್ಕಲಿ. ಇವರ ಮೆಟ್ಟಿಲು ಹತ್ತಲಿ. ಇವರ ಮೇಜಿನ ಮೇಲೆ ಬಂದು ಕೂರ್ಲಿ. ಇವರದೇ ತಾನೆ, ಇವರೇ ಮೂಸಲಿ."

ಮಗ ನನ್ನನ್ನು ಬಿಟ್ಟು ಹೆಂಡತಿಯ ಕಡೆ ತಿರುಗಿದ. "ನೀನು ಹಿಡಿ."

ಅವಳು ಎರಡೂ ಕೈಗಳನ್ನು ಅವನ ಶರ್ಟಿನೊಳಗೆ ಸುತ್ತಿಕೊಂಡಳು. "ನನಗೆ ಅತ್ತೆ ಇನ್ನೂ ಹಗ್ಗ ಕೊಟ್ಟಿಲ್ಲ" ಎಂದಳು. 

ಗುಮಾಸ್ತನಿಗೆ ಈಗ ಸಿಟ್ಟು ಬಂತು. ಸಹಾಯಕನಿಗೆ ಹೇಳಿದ. "ಏಯ್, ನೀನು ಹೋಗಿ ಹಿಡ್ಕೊಳೋ. ಹಗ್ಗ ತಾನೆ."

ಸಹಾಯಕ ಹಗ್ಗ ನೋಡಿದ. ಅದರಿಂದ ತೊಟ್ಟಿಕ್ಕುತ್ತಿದ್ದುದನ್ನು ನೋಡಿದ. ಎರಡು ಹೆಜ್ಜೆ ಹಿಂದೆ ಸರಿದ. "ನಾನಾ ಸಾರ್? ಅದನ್ನಾ? ನೀವೇ ಹಿಡ್ಕೊಳ್ಳಿ ಬೇಕಾದ್ರೆ" ಎಂದ.

ಗುಮಾಸ್ತ ಹಿಡಿಯಲಿಲ್ಲ. ಯಾರೂ ಹಿಡಿಯಲಿಲ್ಲ. ಹುಟ್ಟಿದಾಗಿನಿಂದ ನಮ್ಮನ್ನು ಸುಟ್ಟ ಆ ಹೇಸಿಗೆಯೇ ಅವತ್ತು ನನ್ನ ಮಗನ ಜೀವ ಉಳಿಸಿತು. ಅದಕ್ಕೆ ನಾನು ಕೈ ಮುಗಿಯುವುದಿಲ್ಲ.

ಮಗ ಸೊಂಟದ ಗಂಟು ಬಿಚ್ಚಿ ಹಗ್ಗವನ್ನು ನನ್ನ ಕಾಲ ಬಳಿ ಎಸೆದ. ಮುಚ್ಚಳ ಎಳೆದು ಹಾಕಿದೆವು. ಗೇಟು ದಾಟುವಾಗ ಗುಮಾಸ್ತ ಹಿಂದಿನಿಂದ ಹೇಳಿದ. "ತಿಂಗಳೊಳಗೆ ಗಾಡಿ ನಿಮ್ಮದು ಅಂತ ತೋರ್ಸದಿದ್ರೆ ಹರಾಜಿಗೆ ಹೋಗುತ್ತೆ. ಆಮೇಲೆ ಅಳ್ಬೇಡಿ."

 ಮನೆಗೆ ಬಂದ ಮೇಲೆ ಮಗ ನನ್ನ ಕಡೆ ಬೆನ್ನು ಹಾಕಿ ಮಲಗಿದ. ಒಂದೇ ಒಂದು ಸಲ ಗೋಡೆಗೆ ಹೇಳುವ ಹಾಗೆ ಹೇಳಿದ. "ಅಪ್ಪನ ಜೀವದ ದುಡ್ಡೂ ಹೋಯ್ತು. ಅಪ್ಪನ್ನ ಎರಡು ಸಲ ಕೊಂದ ಹಾಗಾಯ್ತು."

 

ಮೂರನೆಯ ದಿನ ಬೆಳಿಗ್ಗೆ ಗುಮಾಸ್ತ ಓಣಿಗೇ ಬಂದ. ಗುಂಡಿ ಕಚೇರಿಯ ವರಾಂಡಕ್ಕೆ ಹತ್ತಿತ್ತಂತೆ. ಪ್ಯಾಂಟು ಮಡಿಚಿ ಹಿಡಿದುಕೊಂಡು ನಡೆಯುತ್ತಿದ್ದ. ನಮ್ಮ ಮನೆ ದಾಟಿ ಮೂಲೆಮನೆಗೆ ಹೋದ. ಕೆಮ್ಮುವ ಭಾವನನ್ನು ಕರೆದ.

"ಕೇಳಿದಷ್ಟು ಕೊಡ್ತೀವಿ. ಬಾ."

ಆ ಮನೆಯಲ್ಲಿ ಒಲೆ ಉರಿದು ಎರಡು ದಿನವಾಗಿತ್ತು. ಭಾವ ಎದ್ದ. "ಹಗ್ಗ ತಗೊಳೇ" ಎಂದ.

ನಾನು ನಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಬೇಡ ಎಂದು ಹೇಳಲು ನಾನು ಯಾರು? ಹಸಿದವರ ಮನೆ. ನನ್ನ ಮಗನನ್ನು ನಾನು ಉಳಿಸಿಕೊಂಡೆ. ಅವಳ ಗಂಡನನ್ನು ನಾನು ಹೇಗೆ ಹಿಡಿಯಲಿ? ಅಷ್ಟರಲ್ಲಿ ನನ್ನ ಹಿಂದಿನಿಂದ ಸೊಸೆ ಹೊರಗೆ ಬಂದಳು. ತಂತಿಯ ಮೇಲಿದ್ದ ನಮ್ಮ ಹಗ್ಗದ ಮೇಲೆ ಒಂದು ಚೊಂಬು ನೀರು ಸುರಿದಳು. ಎಲ್ಲರಿಗೂ ಕೇಳುವ ಹಾಗೆ ಹೇಳಿದಳು.

"ಅತ್ತೆ, ನಮ್ಮ ಹಗ್ಗ ಒಣಗಿಲ್ಲ."

ಮೂಲೆಮನೆ ಅಕ್ಕ ಅವಳನ್ನು ನೋಡಿದಳು. ನನ್ನನ್ನು ನೋಡಿದಳು. ತನ್ನ ಗಂಡನ ಬಗ್ಗಿದ ಬೆನ್ನನ್ನು ಬಹಳ ಹೊತ್ತು ನೋಡಿದಳು. ಗೂಟಕ್ಕೆ ನೇತುಹಾಕಿದ್ದ ಒಣಗಿದ ಹಗ್ಗವನ್ನು ತೆಗೆದುಕೊಂಡು ಹೋಗಿ ನೀರಿನ ತೊಟ್ಟಿಗೆ ಅದ್ದಿದಳು.

"ನಮ್ಮದೂ ಒಣಗಿಲ್ಲ" ಎಂದಳು.

ಭಾವ ಬಾಯಿ ತೆರೆದವನು ಮುಚ್ಚಿದ. ಒದ್ದೆ ಹಗ್ಗದ ಮಾತಿಗೆ ಗಂಡಸು ಎದುರಾಡುವುದಿಲ್ಲ. ಕೆಮ್ಮುತ್ತಾ ಮತ್ತೆ ಕೂತ.

ಗುಮಾಸ್ತ ಓಣಿಯ ತುದಿಯವರೆಗೆ ಹೋದ. ಅವನು ಒಂದು ಬಾಗಿಲು ತಟ್ಟುವಷ್ಟರಲ್ಲಿ ಮುಂದಿನ ಮನೆಯ ಹಗ್ಗ ನೀರಿಗೆ ಬೀಳುತ್ತಿತ್ತು. ಯಾರೂ ಜಗಳವಾಡಲಿಲ್ಲ. ಯಾರೂ ಬೈಯಲಿಲ್ಲ. ಎಲ್ಲರೂ ಸಾರ್ ಎಂದೇ ಮಾತಾಡಿಸಿದರು. ವಾಪಸು ಬರುವಾಗ ಅವನ ತಲೆಯ ಮೇಲೆ ತಂತಿಗೆ ಹಾಕಿದ ಒದ್ದೆ ಹಗ್ಗಗಳಿಂದ ಹನಿ ಬೀಳುತ್ತಿತ್ತು. ಪ್ರತಿ ಹನಿಗೂ ಅವನು ಬೆಚ್ಚಿದ.

"ಹೊಸ ಹಗ್ಗ ತರಿಸ್ತೀನಿ" ಎಂದ ನಮ್ಮ ಬಾಗಿಲಲ್ಲಿ.

"ತರ್ಸಿ ಸಾರ್" ಎಂದಳು ಸೊಸೆ. "ಹೊಸ ಹಗ್ಗಾನ ನಾವು ಮೊದಲು ತೊಳೀತೀವಿ. ತೊಳ್ಕೊಂಡು ಬನ್ನಿ ಅಂತ ನೀವೇ ಹೇಳ್ಕೊಟ್ಟಿದ್ದಲ್ವಾ?"

"ಎಷ್ಟು ದಿನ ಬೇಕು ನಿಮ್ಮ ಹಗ್ಗ ಒಣಗೋಕೆ?"

ನಾನು ಹೇಳಿದೆ. "ಗಾಡಿಗೆ ನಂಬರ್ ಬರ್ಲಿ ಸಾರ್. ಅವತ್ತು ಒಣಗುತ್ತೆ."

ಅವನು ಹೋದ. ಮರುದಿನ ಬರಲಿಲ್ಲ. ಯಾರೂ ಬರಲಿಲ್ಲ. ಊರಿನಲ್ಲಿ ಬೇರೆ ಮನೆಗಳ ಗುಂಡಿಗಳೂ ತುಂಬುತ್ತಿವೆ ಎಂದು ಸುದ್ದಿ ಬರುತ್ತದೆ. ಬೇರೆ ಊರಿನಿಂದ ಆಳು ತರಿಸುತ್ತಾರಂತೆ. ಆ ಆಳುಗಳ ಹಗ್ಗ ಯಾರು ಹಿಡಿಯುತ್ತಾರೋ ಗೊತ್ತಿಲ್ಲ. ಆನೆಯ ಹರಾಜಿನ ನೋಟೀಸು ಕಚೇರಿಯ ಗೇಟಿಗೆ ಅಂಟಿಸಿದ್ದಾರಂತೆ. ಓಣಿಯವರು ಹೊಟ್ಟೆಗೆ ತಣ್ಣೀರು ಬಟ್ಟೆ ಕಟ್ಟಿಕೊಂಡು ಕೂತಿದ್ದೇವೆ. ಬಟ್ಟೆ ಒದ್ದೆ ಮಾಡಲು ನೀರೂ ಕಡಿಮೆ. ನಲ್ಲಿಯಲ್ಲಿ ದಿನ ಬಿಟ್ಟು ದಿನ ಬರುತ್ತದೆ. ಮೂಲೆಮನೆಯ ಮಗು ಸಂಜೆಯಾದರೆ ಅಳಲು ಶುರು ಮಾಡುತ್ತದೆ. ಅದರ ಅಳು ನನ್ನ ಕಡೆಗೇ ಬರುತ್ತದೆ.

ಇವತ್ತು ಬಿಸಿಲು ಜೋರಾಗಿತ್ತು. ಸಂಜೆ ಮಗ ಎದ್ದು ಹೊರಗೆ ಬಂದ. ಇಷ್ಟು ದಿನಕ್ಕೆ ಮೊದಲ ಸಲ. ನೆಟ್ಟಗೆ ತಂತಿಯ ಹತ್ತಿರ ಹೋದ. ನಮ್ಮ ಹಗ್ಗವನ್ನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಬೆರಳಿನಲ್ಲಿ ಹಿಸುಕುತ್ತಾ ಬಂದ. ಇಳಿಯುವವನು ಇಳಿಯುವ ಮೊದಲು ಹಾಗೆಯೇ ನೋಡುತ್ತಾನೆ. ಸೊಸೆ ನನ್ನ ಕೈ ಹಿಡಿದಳು.  ಹಗ್ಗ ಒಣಗಿತ್ತು ಎಂದು ನನಗೆ ಗೊತ್ತಿತ್ತು. ಬೆಳಿಗ್ಗೆಯಿಂದ ನೀರು ಹಾಕಿರಲಿಲ್ಲ. ನಾಳೆಯವರೆಗೆ ಕುಡಿಯಲು ಇದ್ದದ್ದು ಒಂದೇ ಕೊಡ.

ಅವನು ನಡುವೆ ಒಂದು ಕಡೆ ನಿಂತ. ಹೆಬ್ಬೆರಳಿನಿಂದ ಉಜ್ಜಿದ.

"ಇಲ್ಲಿ ಒಣಗಿದೆ" ಎಂದ.



ಅವನು ಒಳಗೆ ಹೋದ. ಕೊಡವನ್ನು ಹೆಗಲ ಮೇಲೆ ಎತ್ತಿಕೊಂಡು ಬಂದ. ತಂತಿಯ ಕೆಳಗೆ ನಿಂತು, ಅವಸರವಿಲ್ಲದೆ, ಈ ತುದಿಯಿಂದ ಆ ತುದಿಯವರೆಗೆ, ಕೊನೆಯ ಹನಿಯವರೆಗೆ ಸುರಿದ.